ಊಟಿಗೆ ಹೊರಡುವ ಮುನ್ನ ಮೈಸೂರಲ್ಲಿ ಅರ್ಧ ದಿನ ಸಿಗುತ್ತದೆ, ಏನು ನೋಡೋದು?

ಧಾರವಾಡದ_ಪಯಣಿಗ
ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಊಟಿಗೆ ಹೊರಟಿದ್ದೇವೆ. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ನಮ್ಮವ್ವ. ಧಾರವಾಡದಿಂದ ರಾತ್ರಿ ರೈಲು, ಶುಕ್ರವಾರ ಬೆಳಿಗ್ಗೆ ಮೈಸೂರು. ಅಲ್ಲಿ ಸೆಲ್ಫ್ ಡ್ರೈವ್ ಕಾರು ಬುಕ್ ಮಾಡಿದ್ದೇನೆ, ಒಂಬತ್ತಕ್ಕೆ ಕೈಗೆ ಕೊಡುತ್ತಾರೆ. ಭಾನುವಾರ ರಾತ್ರಿ ಮೈಸೂರಿನಿಂದಲೇ ವಾಪಸ್ ರೈಲು.

ಶುಕ್ರವಾರ ಸಿಗುವ ಅರ್ಧ ದಿನದಲ್ಲಿ ಚಾಮುಂಡಿ ಬೆಟ್ಟ, ಅರಮನೆ, ಝೂ ಮೂರೂ ಮುಗಿಸೋಣ ಅಂತ ಲೆಕ್ಕ. ಮಗಳಿಗೆ ಬೃಂದಾವನವೂ ಬೇಕಂತೆ. ಮೂರು ಗಂಟೆಗೆ ಮೈಸೂರು ಬಿಟ್ಟರೆ ಏಳಕ್ಕೆ ಊಟಿ ಮುಟ್ಟಬಹುದು ಅಲ್ವಾ? ಮಸಿನಗುಡಿ ಮೇಲಿನ ದಾರಿ ಚೆಂದ ಅಂತ ಕೇಳಿದ್ದೇನೆ. ಅವ್ವನಿಗೆ ಮೊಣಕಾಲು ನೋವು, ಹೆಚ್ಚು ನಡೆಯಲು ಆಗುವುದಿಲ್ಲ. ಗೊತ್ತಿದ್ದವರು ಹೇಳಿ.

ಹಳೇಮೈಸೂರು
ಮೂರು ದಿನದ ಪಟ್ಟಿಯನ್ನು ಅರ್ಧ ದಿನಕ್ಕೆ ತುರುಕಿದ್ದೀರಿ ಸರ್.

ಡಬಲ್_ಕ್ಲಚ್
ಮೊದಲು ಆ ಮೂರು ಗಂಟೆಯನ್ನು ಬಿಡಿ. ಮೈಸೂರಿನಿಂದ ಮಸಿನಗುಡಿ ಮೇಲೆ ಊಟಿ ಸುಮಾರು 125 ಕಿ.ಮೀ. ಕೇಳೋಕೆ ಏನೂ ಇಲ್ಲ. ಆದರೆ ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ, ಅದು ಮುಗಿದರೆ ಮುದುಮಲೈ. ಕಾಡೊಳಗೆ ಹಂಪ್ ಮೇಲೆ ಹಂಪ್, ನಿಧಾನ ಹೋಗಲೇಬೇಕು. ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ, ಅಲ್ಲಿಂದ ಕಲ್ಹಟ್ಟಿ ಘಾಟಿ, 36 ಹೇರ್‌ಪಿನ್ ತಿರುವು. ನವೆಂಬರ್‌ನಲ್ಲಿ ಆರು ಗಂಟೆಗೇ ಕತ್ತಲು. ಮೇಲೆ ಮಂಜು ಬೇರೆ. ಅಭ್ಯಾಸ ಇಲ್ಲದ ಬಾಡಿಗೆ ಕಾರು, ಹಿಂದೆ ಮಕ್ಕಳು, ವಯಸ್ಸಾದವರು. ಕತ್ತಲಾದ ಮೇಲೆ ಆ ಘಾಟಿಗೆ ಕೈ ಹಾಕಬೇಡಿ.

ಹನ್ನೆರಡಕ್ಕೆ ಮೈಸೂರು ಬಿಡಿ. ತೀರಾ ತಡ ಅಂದರೆ ಹನ್ನೆರಡೂವರೆ. ಅದರ ಹಿಂದೆ ಎಷ್ಟು ಹೊತ್ತು ಉಳಿಯುತ್ತದೋ ಅಷ್ಟೇ ನಿಮ್ಮ ಮೈಸೂರು.

ಪುಟ್ಟಕ್ಕನ_ಹೈವೇ
ಬಂಡೀಪುರ ಗೇಟು ರಾತ್ರಿ ಒಂಬತ್ತಕ್ಕೆ ತಾನೇ ಮುಚ್ಚೋದು? ಮೂರಕ್ಕೆ ಬಿಟ್ಟರೂ ಗೇಟಿಗೆ ಏನೂ ತೊಂದರೆ ಇಲ್ಲವಲ್ಲ.

ಡಬಲ್_ಕ್ಲಚ್
@ಪುಟ್ಟಕ್ಕನ_ಹೈವೇ ಗೇಟಿಗೆ ತೊಂದರೆ ಇಲ್ಲ, ನಿಜ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಹೀಗೇ ಇದೆ, ಊಟಿ ರಸ್ತೆಗೂ ವಯನಾಡು ರಸ್ತೆಗೂ. ನಾನು ಹೇಳಿದ್ದು ಘಾಟಿಯ ಮಾತು ಅಕ್ಕ. ಗೇಟು ತೆರೆದಿದೆ ಅಂದ ಮಾತ್ರಕ್ಕೆ ಕತ್ತಲಲ್ಲಿ 36 ತಿರುವು ಹತ್ತಬೇಕು ಅಂತೇನಿಲ್ಲ.

ಕಾಫಿ_ಆಯ್ತಾ
ಅಣ್ಣ, ನಿಮ್ಮ ಪಟ್ಟಿಯಿಂದ ಬೃಂದಾವನ ಈಗಲೇ ಹೊಡೆದು ಹಾಕಿ. ಅದು ಕೆಆರ್‌ಎಸ್ ಕಡೆ, ಊಟಿಗೆ ಉಲ್ಟಾ. ಅಲ್ಲದೆ ಕಾರಂಜಿಗೆ ದೀಪ ಹಾಕೋದು ಸಂಜೆ. ಹಗಲು ಹೋದರೆ ಮಗಳೇ ನಿಮ್ಮನ್ನು ಬೈತಾಳೆ.

ಹಳೇಮೈಸೂರು
ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ. ಹೊರಗಿನಿಂದ ಬಂದವರೆಲ್ಲ ಇದೇ ಮಾಡುತ್ತಾರೆ. ಬೆಟ್ಟ, ಅರಮನೆ, ಝೂ ಅಂತ ಓಡುತ್ತಾರೆ. ಅರ್ಧ ಹೊತ್ತು ಪಾರ್ಕಿಂಗ್ ಹುಡುಕೋದರಲ್ಲಿ, ಇನ್ನರ್ಧ ಕ್ಯೂನಲ್ಲಿ. ಕೊನೆಗೆ ಮೈಸೂರು ಅಂದರೆ ಟಿಕೆಟ್ ಕೌಂಟರ್ ಅಂತ ತಿಳಿದುಕೊಂಡು ಊಟಿಗೆ ಹೋಗುತ್ತಾರೆ.

ಝೂ ಚೆನ್ನಾಗಿದೆ, ನಾನು ಇಲ್ಲ ಅನ್ನಲ್ಲ. 1892ರಿಂದ ಇದೆ, 150 ಎಕರೆಗಿಂತ ಜಾಸ್ತಿ ಜಾಗ. ಆದರೆ ಅದೇ ತೊಂದರೆ. ಒಳಗೆ ಹೋದರೆ ಮೂರು ಗಂಟೆ ಹೋಯಿತು ಅಂತ ಲೆಕ್ಕ. ನಿಮ್ಮ ಅವ್ವನವರಿಗೆ ಅಷ್ಟು ನಡಿಗೆ ಆಗೋದೂ ಇಲ್ಲ. ಅದೂ ಅಲ್ಲದೆ ಮಧ್ಯಾಹ್ನ ಬಂಡೀಪುರದ ರಸ್ತೆಯಲ್ಲೇ ಜಿಂಕೆ ಸಿಗುತ್ತವೆ, ಅದೃಷ್ಟ ಇದ್ದರೆ ಆನೆಯೂ.

ನಾನಾಗಿದ್ದರೆ ಒಂಬತ್ತಕ್ಕೆ ಕಾರು ತಗೊಳ್ಳೋದೇ ಇಲ್ಲ. ಹನ್ನೆರಡಕ್ಕೆ ಕೊಡಿ ಅಂತ ಕೇಳಿ. ಬ್ಯಾಗುಗಳನ್ನು ರೈಲ್ವೆ ಸ್ಟೇಷನ್ ಕ್ಲೋಕ್ ರೂಮಿನಲ್ಲಿ ಇಡಿ (ಬೀಗ ಹಾಕಿರಬೇಕು, ಇಲ್ಲದಿದ್ದರೆ ತಗೊಳ್ಳಲ್ಲ). ಆಟೋ ಹಿಡಿದು ತಿಂಡಿ. ಆಮೇಲೆ ದೇವರಾಜ ಮಾರುಕಟ್ಟೆ. ಬೆಳಿಗ್ಗೆ ಹೂವಿನ ಸಾಲು ನೋಡಬೇಕು, ಮಾರಿಗೆ ಇಷ್ಟು ಅಂತ ಅಳೆದು ಕೊಡುತ್ತಾರೆ, ಮಲ್ಲಿಗೆ, ಸೇವಂತಿಗೆ, ಕನಕಾಂಬರ. ಕುಂಕುಮ ಗುಡ್ಡೆ ಹಾಕಿಟ್ಟ ಅಂಗಡಿ, ನಂಜನಗೂಡು ರಸಬಾಳೆ, ವೀಳ್ಯದೆಲೆ. ಮಾರುಕಟ್ಟೆ ಪಕ್ಕದಲ್ಲೇ ಚಿಕ್ಕ ಗಡಿಯಾರ. ಅಲ್ಲಿಂದ ಕೆ.ಆರ್. ವೃತ್ತ, ದೊಡ್ಡ ಗಡಿಯಾರ, ಕೋಟೆ ಆಂಜನೇಯ, ಎಲ್ಲ ಕಾಲ್ನಡಿಗೆ ದೂರ. ಮೈಸೂರಿನ ಜೀವ ಇರೋದೇ ಈ ಅರ್ಧ ಮೈಲಿಯಲ್ಲಿ. ಅವ್ವನವರಿಗೆ ಆಗದಿದ್ದರೆ ಆಟೋ.

ಸುಮ್ನೆ_ಓದುವವಳು
ಅರಮನೆ ನೋಡದೆ ಮೈಸೂರಾ?? ಮಕ್ಕಳು ಶಾಲೆಯಲ್ಲಿ ಏನಂತ ಹೇಳಬೇಕು?

ಹಳೇಮೈಸೂರು
@ಸುಮ್ನೆ_ಓದುವವಳು ನೋಡಬೇಡಿ ಅಂತ ನಾನು ಎಲ್ಲಿ ಹೇಳಿದೆ ಮೇಡಂ. ಅವರು ಭಾನುವಾರ ವಾಪಸ್ ಬರ್ತಿದ್ದಾರೆ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು 97 ಸಾವಿರ ಬಲ್ಬು, ಒಂದೇ ಸಲ ಹೊತ್ತಿಕೊಳ್ಳುತ್ತವೆ. ಭಾನುವಾರ ಮತ್ತು ಸರ್ಕಾರಿ ರಜೆ ದಿನಗಳಲ್ಲಿ ಇದು ಇರುತ್ತದೆ. ಶುಕ್ರವಾರ ಹಗಲು ಸಾಲಿನಲ್ಲಿ ನಿಲ್ಲೋದು ಯಾಕೆ? ಹೋಗುವಾಗ ಊರು ನೋಡಿ, ಬರುವಾಗ ಅರಮನೆ ನೋಡಿ.

ಎರಡನೇ_ಗೇರ್
ಇದು ಕೇಳೋಕೆ ಬಹಳ ಚೆಂದ. ಆದರೆ ಭಾನುವಾರ ಊಟಿಯಿಂದ ಇಳಿಯೋದು ಅಂದರೆ ಏನು ಅಂತ ಗೊತ್ತಿದ್ದವರು ಹೀಗೆ ಹೇಳಲ್ಲ. ಅರ್ಧ ಬೆಂಗಳೂರು ಅವತ್ತೇ ಇಳಿಯುತ್ತದೆ. ಅಲ್ಲದೆ ಕಲ್ಹಟ್ಟಿ ಹತ್ತೋಕೆ ಮಾತ್ರ. ಹೊರಗಿನ ಗಾಡಿಗಳನ್ನು ಊಟಿಯಿಂದ ಆ ಕಡೆ ಇಳಿಯಲು ಬಿಡಲ್ಲ, ಸ್ಥಳೀಯರ ಗಾಡಿಗೆ ಮಾತ್ರ ಅವಕಾಶ. ಬ್ರೇಕ್ ಕಾದು ಫೇಲ್ ಆಗಿ ಎಷ್ಟೋ ಜನ ಸತ್ತಿದ್ದಾರೆ ಅಲ್ಲಿ. ಹಾಗಾಗಿ ಗೂಡಲೂರು ಮೇಲೆ ಬರಬೇಕು. ಅದು ಮೂವತ್ತು ಕಿ.ಮೀ. ಜಾಸ್ತಿ. ಗೂಡಲೂರು ಪೇಟೆಯಲ್ಲಿ ಸಿಕ್ಕಿಕೊಂಡರೆ ದೀಪ ಅಲ್ಲ, ರೈಲೂ ತಪ್ಪುತ್ತದೆ.

ಹಳೇಮೈಸೂರು
ಬೆಳಿಗ್ಗೆ ಎಂಟಕ್ಕೇ ಊಟಿ ಬಿಟ್ಟರೆ ಎರಡು ಗಂಟೆಗೆ ಮೈಸೂರು. ಏನು ಕಷ್ಟ?

ಎರಡನೇ_ಗೇರ್
ರಜೆಗೆ ಹೋದವರು, ಜೊತೆಗೆ ಮಕ್ಕಳು. ಎಂಟಕ್ಕೆ ಹೋಟೆಲ್ ಬಿಡ್ತಾರಾ? ನಿಮ್ಮ ಮನೆಯಲ್ಲಿ ಬಿಡ್ತಾರೇನೋ ಸರ್, ನಮ್ಮನೆಯಲ್ಲಿ ಎಂಟಕ್ಕೆ ಸ್ನಾನಕ್ಕೆ ಯಾರು ಮೊದಲು ಅಂತ ಜಗಳ.

ಅಜ್ಜಿಮನೆ
ಸಂಜೆಗೆ ಬರೋದು ತಡವಾದರೂ ಅರಮನೆ ದೀಪ ರಸ್ತೆಯಿಂದಲೇ ಕಾಣುತ್ತೆ ಬಿಡಿ. ರೈಲು ರಾತ್ರಿ ಅಲ್ವಾ. ನಾನು ಹಳೇಮೈಸೂರು ಅವರ ಪಕ್ಷ.

ಧಾರವಾಡದ_ಪಯಣಿಗ
ಒಂದೇ ದಿನದಲ್ಲಿ ಇಷ್ಟು ಉತ್ತರ! ಎಲ್ಲರಿಗೂ ಧನ್ಯವಾದ. ಝೂ ಮತ್ತು ಬೃಂದಾವನ ಬಿಟ್ಟೆವು (ಮಗಳು ಮಾತಾಡುತ್ತಿಲ್ಲ). ಕಾರಿನವರು ಹನ್ನೆರಡಕ್ಕೆ ಕೊಡಲು ಒಪ್ಪಿದ್ದಾರೆ. ಆದರೆ ಅವ್ವ ಚಾಮುಂಡಿ ಬೆಟ್ಟ ಬಿಡಲ್ಲ ಅಂತ ಕೂತಿದ್ದಾಳೆ. ತಾಯಿ ದರ್ಶನ ಇಲ್ಲದೆ ಘಾಟಿ ಹತ್ತಬಾರದಂತೆ. ಏನು ಮಾಡೋದು?

ಕಾಫಿ_ಆಯ್ತಾ
ಅವ್ವ ಹೇಳಿದ ಮೇಲೆ ಮುಗೀತು. ಇನ್ನು ಚರ್ಚೆ ಯಾಕೆ 😄

ಪುಟ್ಟಕ್ಕನ_ಹೈವೇ
ಬೆಟ್ಟಕ್ಕೆ ಸಾವಿರ ಮೆಟ್ಟಿಲು ಅಂತ ಹೆದರಬೇಡಿ, ದೇವಸ್ಥಾನದ ಹತ್ತಿರದವರೆಗೂ ರಸ್ತೆ ಇದೆ. ಊರೊಳಗಿಂದ ಸುಮಾರು 13 ಕಿ.ಮೀ. ಸಿಟಿ ಬಸ್ಸೂ ಉಂಟು. ರೈಲು ಇಳಿದ ತಕ್ಷಣ ಒಂದು ಟ್ಯಾಕ್ಸಿ ಮಾಡಿಕೊಂಡು ಬೆಳಿಗ್ಗೆಯೇ ಮುಗಿಸಿಬಿಡಿ. ಇಳಿಯುವಾಗ ನಂದಿ ಹತ್ತಿರ ಐದು ನಿಮಿಷ ನಿಲ್ಲಿಸಿ, ಅಲ್ಲಿಗೂ ರಸ್ತೆ ಹೋಗುತ್ತದೆ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಕಲ್ಲಿನ ನಂದಿ. ಮಕ್ಕಳಿಗೆ ಅದು ಖಂಡಿತ ಹಿಡಿಸುತ್ತದೆ.

ಆಷಾಢ ಶುಕ್ರವಾರ ಆಗಿದ್ದರೆ ಬೇಡವೇ ಬೇಡ ಅಂತಿದ್ದೆ. ನವೆಂಬರ್ ಶುಕ್ರವಾರ ಅಷ್ಟು ಜನ ಇರಲ್ಲ.

ನಂಜನಗೂಡು_ಬಾಳೆ
ನಮ್ಮೂರನ್ನು ಯಾರೂ ಕೇಳುವವರಿಲ್ಲ ನೋಡಿ. ಮೈಸೂರಿನಿಂದ 25 ಕಿ.ಮೀ., ಊಟಿ ರಸ್ತೆಯಲ್ಲೇ, ಒಂದು ತಿರುವಿನಷ್ಟೂ ಸುತ್ತಿಲ್ಲ. ಅವ್ವನವರಿಗೆ ದೇವರ ದರ್ಶನವೇ ಮುಖ್ಯ ಅಂದರೆ ಶ್ರೀಕಂಠೇಶ್ವರನ ಹತ್ತಿರ ಬನ್ನಿ. ಕಪಿಲಾ ನದಿ ದಡ. ಎದುರಿಗೆ ದೊಡ್ಡ ಮೈದಾನ, ಪಾರ್ಕಿಂಗ್ ತಲೆನೋವಿಲ್ಲ. ದೇವಸ್ಥಾನದಲ್ಲಿ ದಾಸೋಹದ ಊಟವೂ ಇದೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಇಲ್ಲಿ ವಾಸಿಯಾಯಿತು, ಅದಕ್ಕೇ ಹಕೀಂ ನಂಜುಂಡ ಅಂತ ಕರೆದ, ಪಚ್ಚೆ ಲಿಂಗ ಕೊಟ್ಟ ಅಂತ ನಮ್ಮಲ್ಲಿ ಮಾತಿದೆ. ಮೊಣಕಾಲಿನ ಹರಕೆ ಇಲ್ಲೇ ಹೊತ್ತುಕೊಳ್ಳಿ, ವೈದ್ಯ ಇವನೇ.

ಒಂದೇ ಎಚ್ಚರ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಹನ್ನೆರಡಕ್ಕೆ ಮೈಸೂರು ಬಿಟ್ಟರೆ ಓಡಿ ಬರಬೇಕಾಗುತ್ತದೆ. ಹನ್ನೊಂದೂವರೆಗೆ ಬಿಡಿ.

ರೈಲುಹುಚ್ಚ
ನಂಜನಗೂಡಿಗೆ ಹೋದರೆ ಹಳೇ ಸೇತುವೆ ನೋಡದೆ ಬರಬೇಡಿ. 1735ರಲ್ಲಿ ಕಟ್ಟಿದ್ದು. ಅದೇ ಕಲ್ಲಿನ ಸೇತುವೆ ಮೇಲೆ ಒಂದು ಬದಿ ರಸ್ತೆ, ಇನ್ನೊಂದು ಬದಿ ರೈಲು ಹಳಿ. ನಮ್ಮಪ್ಪ ಆ ಮೀಟರ್‌ಗೇಜ್ ರೈಲಿನಲ್ಲಿ ಚಾಮರಾಜನಗರಕ್ಕೆ ಹೋಗುತ್ತಿದ್ದರು. ಈಗ ರೈಲಿಗೆ ಬೇರೆ ಸೇತುವೆ ಆಗಿದೆ.

ಅಂದ ಹಾಗೆ ಮೈಸೂರು ಸ್ಟೇಷನ್ ಹತ್ತಿರವೇ ರೈಲ್ವೆ ಮ್ಯೂಸಿಯಂ ಇದೆ, 1979ರಲ್ಲಿ ಶುರುವಾದದ್ದು. ಮಹಾರಾಣಿಯವರ ಸಲೂನ್ ಬೋಗಿ ಇಟ್ಟಿದ್ದಾರೆ. ಆರು ವರ್ಷದ ಹುಡುಗ ಇದ್ದಾನೆ ಅಂದಿರಿ. ಅವನನ್ನು ಅರಮನೆಗೆ ಕರೆದುಕೊಂಡು ಹೋಗಿ ಚಪ್ಪಲಿ ಬಿಡಿಸಿ ಸಾಲಲ್ಲಿ ನಡೆಸೋದಕ್ಕಿಂತ ಎಂಜಿನ್ ಮೇಲೆ ಹತ್ತಿಸೋದು ವಾಸಿ.

ಸುಮ್ನೆ_ಓದುವವಳು
ಮತ್ತೆ ಅರಮನೆ ಬೇಡ ಅಂತಲೇ ಬಂತು. ನನಗೆ ಇದು ಅರ್ಥವೇ ಆಗಲ್ಲ. 1897ರಲ್ಲಿ ರಾಜಕುಮಾರಿ ಮದುವೆ ಸಮಯದಲ್ಲಿ ಹಳೇ ಮರದ ಅರಮನೆ ಸುಟ್ಟು ಹೋಯಿತು, ಆಮೇಲೆ ಹೆನ್ರಿ ಇರ್ವಿನ್ ಇದನ್ನು ಕಟ್ಟಿದ, 1912ರಲ್ಲಿ ಮುಗಿಯಿತು. ಕಲ್ಯಾಣ ಮಂಟಪದ ಬಣ್ಣದ ಗಾಜು, ನವಿಲಿನ ಚಿತ್ರ, ದಸರಾ ಮೆರವಣಿಗೆಯ ಗೋಡೆಚಿತ್ರ. ಇದೆಲ್ಲ ದೀಪ ನೋಡಿದರೆ ಕಾಣುತ್ತಾ? ದೀಪ ಹೊರಗಿನದು, ಅರಮನೆ ಒಳಗಿನದು. ಬೆಳಿಗ್ಗೆ 10ಕ್ಕೆ ತೆರೆಯುತ್ತೆ. ಸರಿಯಾಗಿ ಹತ್ತಕ್ಕೆ ನಿಂತರೆ ಒಂದೂಕಾಲು ಗಂಟೆಯಲ್ಲಿ ಆರಾಮಾಗಿ ಮುಗಿಯುತ್ತೆ.

ಆಟೋದವರಿಗೆ ಬರೀ "ಅರಮನೆ" ಅಂತ ಹೇಳಬೇಡಿ, ವರಾಹ ದ್ವಾರ ಅಂತ ಹೇಳಿ. ಟಿಕೆಟ್ ಕೊಡೋದು ದಕ್ಷಿಣದ ಆ ಬಾಗಿಲಲ್ಲಿ. ಉತ್ತರದ ಕಡೆ ಇಳಿಸಿದರೆ ಕೋಟೆ ಸುತ್ತಿಕೊಂಡು ಬರಬೇಕು. ಅವ್ವನವರಿಗೆ ಕಷ್ಟ.

ಡಬಲ್_ಕ್ಲಚ್
ವರಾಹ ದ್ವಾರದ ಮಾತು ಸರಿ. ಇನ್ನೊಂದು, ಅರಮನೆ ಸುತ್ತ "ಇವತ್ತು ಅರಮನೆ ಲೇಟಾಗಿ ತೆರೆಯುತ್ತೆ, ಅಷ್ಟರಲ್ಲಿ ಸ್ಪೆಷಲ್ ಮಾರ್ಕೆಟ್ ತೋರಿಸ್ತೀನಿ" ಅನ್ನುವವರು ಸಿಗುತ್ತಾರೆ. ಕರೆದುಕೊಂಡು ಹೋಗೋದು ಅಗರಬತ್ತಿ, ಗಂಧದೆಣ್ಣೆ, ಸೀರೆ ಅಂಗಡಿಗೆ. ಕಮಿಷನ್ ಆಟ. ಬೇಡ ಅಂತ ಹೇಳಿ ಮುಂದೆ ನಡೆಯಿರಿ.

ಮೈಸೂರ್‌ಪಾಕ್_ಪಕ್ಷ
ಇಷ್ಟೊತ್ತಾದರೂ ತಿಂಡಿ ವಿಷಯಕ್ಕೆ ಯಾರೂ ಬಂದಿಲ್ಲ, ಆಶ್ಚರ್ಯ. ನಜರಬಾದ್‌ನಲ್ಲಿ ಮೈಲಾರಿ ದೋಸೆ. ಮೃದು ದೋಸೆ, ಮೇಲೆ ಬೆಣ್ಣೆ, ತರಕಾರಿ ಸಾಗು. ಸಯ್ಯಾಜಿರಾವ್ ರಸ್ತೆಯಲ್ಲಿ ಗುರು ಸ್ವೀಟ್ಸ್, ಮೈಸೂರು ಪಾಕಿಗೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ದೇವರಾಜ ಮಾರುಕಟ್ಟೆಗೆ ಹೋದರೆ ಅಲ್ಲೇ ಸಿಗುತ್ತದೆ.

ಕಾಫಿ_ಆಯ್ತಾ
ಯಾವ ಮೈಲಾರಿ? ಎರಡಿದೆಯಲ್ಲ 😏

ಮೈಸೂರ್‌ಪಾಕ್_ಪಕ್ಷ
ದಯವಿಟ್ಟು ಇಲ್ಲಿ ಶುರು ಮಾಡಬೇಡಿ.

ಅಜ್ಜಿಮನೆ
ಎರಡೂ ಕಡೆ ತಿಂದವರು ಯಾರೂ ಬಡವಾಗಿಲ್ಲ.

ಹಳೇಮೈಸೂರು
ಮೈಲಾರಿ ಬಿಟ್ಟು ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಂಗೆ ಹೋಗಿ. ಮನೆಮಂದಿಗೆಲ್ಲ ಕೂರೋಕೆ ಜಾಗ ಸಿಗುತ್ತದೆ, ಬೆಟ್ಟದಿಂದ ಬರುವಾಗ ದಾರಿಗೂ ಹತ್ತಿರ.

ಎರಡನೇ_ಗೇರ್
ಬೆಣ್ಣೆ ದೋಸೆ ನಾಲ್ಕು ತಿಂದು 36 ತಿರುವು ಹತ್ತಿಸಿ, ಆಮೇಲೆ ಬಾಡಿಗೆ ಕಾರಿನ ಸೀಟು ತೊಳೆದ ದುಡ್ಡು ಯಾರು ಕೊಡೋದು ಅಂತ ಇಲ್ಲೇ ಬಂದು ಕೇಳಿ. ತಮಾಷೆ ಅಲ್ಲ. ಘಾಟಿಗೆ ಮುಂಚೆ ಮಕ್ಕಳಿಗೆ ಹಗುರ ಊಟ ಸಾಕು. ಮೊಸರನ್ನ ಕಟ್ಟಿಸಿಕೊಳ್ಳಿ. ಮೊಬೈಲು ಕೊಡಬೇಡಿ, ಕಿಟಕಿ ಆಚೆ ನೋಡಲಿ. ಒಂದು ನಿಂಬೆಹಣ್ಣು ಕೈಯಲ್ಲಿ.

ಗುಂಡ್ಲುಪೇಟೆ_ಹೊಲ
ತಿಂಡಿ ಜಗಳದಲ್ಲಿ ಮುಖ್ಯವಾದದ್ದು ಬಿಟ್ಟುಬಿಟ್ಟಿದ್ದೀರಿ. ಇ-ಪಾಸ್! ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಹೊರಗಿನ ಗಾಡಿಗಳಿಗೆಲ್ಲ ಇದು ಬೇಕು. ತಮಿಳುನಾಡು ಸರ್ಕಾರದ ವೆಬ್‌ಸೈಟಿನಲ್ಲಿ ತೆಗೆಯಬೇಕು, ದುಡ್ಡೇನೂ ಇಲ್ಲ. ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿಯೂ ಹಾಕಿದ್ದರು. 2025ರಲ್ಲಿ ವಾರದ ದಿನ 6 ಸಾವಿರ, ವಾರಾಂತ್ಯ 8 ಸಾವಿರ. ನಿಮ್ಮದು ನವೆಂಬರ್, ಆದರೂ ಹೊರಡುವ ಮುಂಚೆ ಆಗಿನ ನಿಯಮ ಏನು ಅಂತ ಒಮ್ಮೆ ನೋಡಿಕೊಳ್ಳಿ.

ಇಲ್ಲಿ ನಿಮಗೊಂದು ತೊಡಕಿದೆ. ಪಾಸಿಗೆ ಗಾಡಿ ನಂಬರ್ ಹಾಕಬೇಕು. ಬಾಡಿಗೆ ಕಾರಿನವರು ನಂಬರ್ ಕೊಡೋದು ಗಾಡಿ ಕೊಡುವ ದಿನ. ಈಗಲೇ ಫೋನ್ ಮಾಡಿ "ಯಾವ ಗಾಡಿ, ನಂಬರ್ ಎಷ್ಟು" ಅಂತ ಹಟ ಹಿಡಿದು ಕೇಳಿ. ಇಲ್ಲದಿದ್ದರೆ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಬಿಸಿಲಲ್ಲಿ ನಿಂತು ಮೊಬೈಲ್ ಸಿಗ್ನಲ್ ಹುಡುಕಬೇಕು.

ಡಬಲ್_ಕ್ಲಚ್
ಸರಿಯಾದ ಮಾತು. ಜೊತೆಗೆ ಸೇರಿಸುತ್ತೇನೆ. ಸೆಲ್ಫ್ ಡ್ರೈವ್ ಗಾಡಿಗೆ ಕಪ್ಪು ನಂಬರ್ ಪ್ಲೇಟ್, ಹಳದಿ ಅಕ್ಷರ ಇರಬೇಕು. ಕೆಲವರು ಬಿಳಿ ಬೋರ್ಡ್ ಸ್ವಂತ ಗಾಡಿಯನ್ನೇ ಬಾಡಿಗೆಗೆ ಬಿಡುತ್ತಾರೆ. ಅದು ಕಾನೂನಿಗೆ ವಿರುದ್ಧ. ಏನಾದರೂ ಆದರೆ ಇನ್ಶೂರೆನ್ಸ್ ಕೈ ಕೊಡುತ್ತದೆ. ತಮಿಳುನಾಡಿಗೆ ಪರ್ಮಿಟ್ ಇದೆಯಾ, ಅಲ್ಲಿನ ಟ್ಯಾಕ್ಸ್ ಯಾರು ಕಟ್ಟುತ್ತಾರೆ ಅಂತ ಬರಹದಲ್ಲಿ ತಗೊಳ್ಳಿ.

ಗಾಡಿ ತಗೊಳ್ಳುವಾಗ ಸುತ್ತಲೂ ವಿಡಿಯೋ ಮಾಡಿ, ಬಂಪರ್ ಕೆಳಗೂ. ನಾವು ಹಿಂದೊಮ್ಮೆ ತಗೊಂಡಾಗ ಹಳೇ ಗೀರನ್ನೇ ತೋರಿಸಿ ಡೆಪಾಸಿಟ್ಟಿನಲ್ಲಿ ಹಿಡಿದುಕೊಂಡರು. ಯಾರು ಅಂತ ಹೆಸರು ಬೇಡ, ವಿಡಿಯೋ ತೋರಿಸಿದ ಮೇಲೆ ಬಾಯಿ ಮುಚ್ಚಿಕೊಂಡು ವಾಪಸ್ ಕೊಟ್ಟರು. ಸ್ಟೆಪ್ನಿ, ಜಾಕು, ಬ್ರೇಕು ನೋಡಿಕೊಳ್ಳೋಕೆ ಇಪ್ಪತ್ತು ನಿಮಿಷ ಬೇಕು. ಅದನ್ನೂ ನಿಮ್ಮ ಹನ್ನೆರಡು ಗಂಟೆ ಲೆಕ್ಕಕ್ಕೆ ಸೇರಿಸಿ.

ಪುಟ್ಟಕ್ಕನ_ಹೈವೇ
ನೀರಿನ ಬಾಟಲಿ! ನೀಲಗಿರಿಯಲ್ಲಿ ಒಂದು, ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿ ಬ್ಯಾನ್. ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುತ್ತಾರೆ, ದಂಡ ಹಾಕುತ್ತಾರೆ. ಸ್ಟೀಲ್ ಬಾಟಲಿ ಮನೆಯಿಂದಲೇ ತನ್ನಿ. ಚಿಪ್ಸ್ ಪ್ಯಾಕೆಟ್ ಬದಲು ಧಾರವಾಡದಿಂದ ಡಬ್ಬಿಯಲ್ಲಿ ಚುರುಮುರಿ ತಂದರೆ ಎಲ್ಲ ಸುಲಭ.

ಹುಬ್ಬಳ್ಳಿ_ಹುಡುಗ
ಧಾರವಾಡದವರು ಡಬ್ಬಿಯೊಳಗ ಫೇಡಾ ಬಿಟ್ಟು ಚುರುಮುರಿ ಒಯ್ತಾರೇನ್ರೀ ಅಕ್ಕಾರ?

ಮೈಸೂರ್‌ಪಾಕ್_ಪಕ್ಷ
ಫೇಡಾ ತನ್ನಿ, ಪಾಕ್ ಕೊಡ್ತೀವಿ. ಬದಲಿ ವ್ಯಾಪಾರ.

ಲೆಕ್ಕದ_ಪುಸ್ತಕ
ಸೋಮನಾಥಪುರ ಯಾರೂ ಹೇಳಲಿಲ್ಲವಲ್ಲ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮೈಸೂರಿನಿಂದ ಒಂದು ಗಂಟೆ ದಾರಿ. ಅರಮನೆಗಿಂತ ನೂರು ಪಾಲು ಮೇಲು.

ಎರಡನೇ_ಗೇರ್
ಒಂದು ಗಂಟೆ ಹೋಗೋಕೆ, ಒಂದು ಗಂಟೆ ಬರೋಕೆ. ಅದೂ ಪೂರ್ವಕ್ಕೆ. ಇವರು ಹೋಗಬೇಕಾದ್ದು ದಕ್ಷಿಣಕ್ಕೆ. ಪುಸ್ತಕ ಇದೆ, ಲೆಕ್ಕ ಇಲ್ಲ.

ಲೆಕ್ಕದ_ಪುಸ್ತಕ
ವೈಯಕ್ತಿಕ ಟೀಕೆ ಬೇಡ. ಊಟಿಯಲ್ಲಾದರೂ ಏನಿದೆ ಈಗ? ಕೆರೆ, ದೋಣಿ, ಚಾಕಲೇಟು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದರೆ ಪಾಸೂ ಬೇಡ, ಪರ್ಮಿಟ್ಟೂ ಬೇಡ.

ಅಜ್ಜಿಮನೆ
ಹೋಟೆಲ್ ಬುಕ್ ಆದ ಮೇಲೆ ಊರು ಬದಲಾಯಿಸಿ ಅನ್ನುವವರು ಪ್ರತಿ ಚರ್ಚೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಧಾರವಾಡದ_ಪಯಣಿಗ
ಇ-ಪಾಸ್ ವಿಷಯ ಗೊತ್ತೇ ಇರಲಿಲ್ಲ, ಗುಂಡ್ಲುಪೇಟೆಯವರಿಗೆ ದೊಡ್ಡ ನಮಸ್ಕಾರ. ಕಾರಿನವರಿಗೆ ಫೋನ್ ಮಾಡಿದೆ. ನಂಬರ್ ಹಿಂದಿನ ದಿನ ಕೊಡುತ್ತಾರಂತೆ. ಕಪ್ಪು ಬೋರ್ಡೇ.

ಈಗಿನ ಲೆಕ್ಕ ಹೀಗಿದೆ. ರೈಲು ಇಳಿದು ಟ್ಯಾಕ್ಸಿಯಲ್ಲಿ ಬೆಟ್ಟ, ಬರುವಾಗ ತಿಂಡಿ. ಹತ್ತಕ್ಕೆ ನಾನೂ ಅವ್ವನೂ ಮಾರುಕಟ್ಟೆ ಹತ್ತಿರ ಆಟೋದಲ್ಲಿ, ಹೆಂಡತಿ ಮಗಳು ಅರಮನೆಗೆ. ಮಗ ಎಂಜಿನ್ ಅಂತ ಕುಣೀತಾನೆ, ಅವನನ್ನು ಯಾರ ಜೊತೆ ಕಳಿಸೋದು ಅಂತ ಮನೆಯಲ್ಲಿ ಮಾತುಕತೆ ನಡೆದಿದೆ. ಸೂರ್ಯಕಾಂತಿ ಹೊಲ ಸಿಗುತ್ತವಾ ದಾರಿಯಲ್ಲಿ? ಹೆಂಡತಿ ಫೋಟೋ ನೋಡಿದ್ದಾಳೆ.

ಗುಂಡ್ಲುಪೇಟೆ_ಹೊಲ
ಸೂರ್ಯಕಾಂತಿ ಜೂನ್ ಕೊನೆ, ಜುಲೈ, ಆಗಸ್ಟ್. ನವೆಂಬರ್‌ಗೆ ಹೊಲ ಖಾಲಿ. ಇದ್ದಾಗಲೂ ಒಳಗೆ ನುಗ್ಗಿ ಫೋಟೋ ತೆಗೆದರೆ ರೈತರು ದುಡ್ಡು ಕೇಳುತ್ತಾರೆ. ಕೇಳಬೇಕಾದ್ದೇ. ಗಿಡ ತುಳಿದರೆ ನಷ್ಟ ಯಾರದ್ದು? ನೋಡೋಕೆ ಬಂದವರದ್ದಲ್ಲವಲ್ಲ.

ಗುಂಡ್ಲುಪೇಟೆಯಲ್ಲಿ ಟ್ಯಾಂಕ್ ತುಂಬಿಸಿ, ಎಲ್ಲರೂ ಶೌಚಾಲಯಕ್ಕೆ ಹೋಗಿ ಬನ್ನಿ. ಆಮೇಲೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿದರೆ ಕಾಡು. ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. "ಮಗುವಿಗೆ ಅರ್ಜೆಂಟ್" ಅಂದರೂ ಕೇಳಲ್ಲ. 2025ರ ಆಗಸ್ಟಿನಲ್ಲಿ ಇಳಿದು ಆನೆ ಫೋಟೋ ತೆಗೆಯೋಕೆ ಹೋಗಿ ತುಳಿಸಿಕೊಂಡು ಬದುಕಿದವರೊಬ್ಬರಿಗೆ ಅರಣ್ಯ ಇಲಾಖೆ 25 ಸಾವಿರ ದಂಡವನ್ನೂ ಹಾಕಿತು.

ಸುಮ್ನೆ_ಓದುವವಳು
ಹೆಂಡತಿ ಮಗಳು ಅರಮನೆಗೆ. ನನಗೆ ಇಷ್ಟು ಸಾಕು 🙏

ಬೈಕ್_ಬಸವ
ಚರ್ಚೆ ಮಧ್ಯೆ ತಲೆ ಹಾಕುತ್ತಿದ್ದೇನೆ. ನಮ್ಮದು ಬೆಂಗಳೂರಿನಿಂದ ಬೈಕ್, ಮೈಸೂರಲ್ಲಿ ತಿಂಡಿ, ಆಮೇಲೆ ವಯನಾಡು. ಎಕ್ಸ್‌ಪ್ರೆಸ್‌ವೇನಲ್ಲಿ ಬಂದರೆ ಒಂದೂವರೆ ಗಂಟೆಯಲ್ಲಿ ಮೈಸೂರು ಅಲ್ವಾ?

ಡಬಲ್_ಕ್ಲಚ್
@ಬೈಕ್_ಬಸವ ಬೈಕಿಗೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆ ಇಲ್ಲ ಗುರು. 2023ರ ಆಗಸ್ಟ್ 1ರಿಂದ ಬಂದ್. ಸರ್ವಿಸ್ ರಸ್ತೆಯಲ್ಲೇ ಬರಬೇಕು. ರಾಮನಗರ, ಮಂಡ್ಯ ಎಲ್ಲ ನೋಡಿಕೊಂಡು ಬನ್ನಿ, ಮೂರು ಗಂಟೆ ಇಟ್ಟುಕೊಳ್ಳಿ.

ಬೈಕ್_ಬಸವ
ಅಯ್ಯೋ. ವಯನಾಡಿಗೆ ಎಚ್.ಡಿ. ಕೋಟೆ ಮೇಲೆ ಹೋಗೋದಾ, ಗುಂಡ್ಲುಪೇಟೆ ಮೇಲಾ?

ಗುಂಡ್ಲುಪೇಟೆ_ಹೊಲ
ಸುಲ್ತಾನ್ ಬತ್ತೇರಿ ಕಡೆ ಅಂದರೆ ಗುಂಡ್ಲುಪೇಟೆ, ಮಾನಂದವಾಡಿ ಕಡೆ ಅಂದರೆ ಎಚ್.ಡಿ. ಕೋಟೆ. ಆದರೆ ಎಚ್.ಡಿ. ಕೋಟೆ ದಾರಿಯ ಗೇಟು ಸಂಜೆ ಆರಕ್ಕೇ ಹಾಕುತ್ತಾರೆ, ಒಂಬತ್ತಕ್ಕಲ್ಲ. ಬರುವಾಗ ಅದನ್ನು ನೆನಪಿಡಿ. ಎರಡು ರಸ್ತೆಗೂ ಒಂದೇ ಟೈಮ್ ಅಂತ ತಿಳಿದು ಬಂದವರು ಬಾವಲಿ ಗೇಟಿನ ಮುಂದೆ ಕೂತಿರುತ್ತಾರೆ.

ಕಾಫಿ_ಆಯ್ತಾ
ಮೈಸೂರಲ್ಲಿ ತಿಂಡಿ ಅಂದ್ರಲ್ಲ ಬಸವಣ್ಣ, ಯಾವ ಮೈಲಾರಿ?

ಮೈಸೂರ್‌ಪಾಕ್_ಪಕ್ಷ
ಇವರನ್ನು ಯಾರಾದರೂ ಬ್ಲಾಕ್ ಮಾಡ್ರಪ್ಪಾ.